ತಾಯಿಯ ದೇಹ ಮಗುವನ್ನು ಒಪ್ಪಿಕೊಂಡಿತು, ಮಗುವಿನ ರಕ್ತವನ್ನು ಮಾತ್ರ ಏಕೆ ಒಪ್ಪಲಿಲ್ಲ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ಜೀವಶಾಸ್ತ್ರದ ಸಹವಾಸ ಎಸ್‌ಎಸ್‌ಎಲ್‌ಸಿಗೇ ಮುಗಿದದ್ದರಿಂದ ಪ್ರಶ್ನೆ ಬಾಲಿಶವೆನಿಸಿದರೆ ಮನ್ನಿಸಬೇಕು.

ನನ್ನ ತಂಗಿಯ ರಕ್ತದ ಗುಂಪು ಎ ನೆಗೆಟಿವ್, ಅವಳ ಗಂಡನದು ಬಿ ಪಾಸಿಟಿವ್. ಕಳೆದ ವರ್ಷ ಹದಿನಾಲ್ಕನೆಯ ವಾರದಲ್ಲಿ ಅವಳಿಗೆ ಗರ್ಭಪಾತವಾಯಿತು. ಊರಿನ ಆಸ್ಪತ್ರೆಯೊಂದರಲ್ಲಿ ಕ್ಲೀನ್ ಮಾಡಿ ಮರುದಿನ ಮಧ್ಯಾಹ್ನವೇ ಮನೆಗೆ ಕಳುಹಿಸಿದರು. ನೆಗೆಟಿವ್ ಗುಂಪಿನವರಿಗೆ 72 ಗಂಟೆಯೊಳಗೆ ಆಂಟಿ-ಡಿ ಎಂಬ ಚುಚ್ಚುಮದ್ದು ಕೊಡಬೇಕೆಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ, ಕೇಳುವಷ್ಟು ತಿಳಿವಳಿಕೆ ನಮಗೂ ಇರಲಿಲ್ಲ. ಈಗ ಅವಳು ಮತ್ತೆ ಮೂರು ತಿಂಗಳ ಗರ್ಭಿಣಿ. ಇನ್‌ಡೈರೆಕ್ಟ್ ಕೂಂಬ್ಸ್ ಎಂಬ ಪರೀಕ್ಷೆ ಪಾಸಿಟಿವ್ ಬಂದಿದೆ, ಪ್ರಮಾಣ 1:8 ಎಂದು ಬರೆದಿದ್ದಾರೆ. "ಪಾಸಿಟಿವ್ ರಕ್ತದ ವಿರುದ್ಧ ಪ್ರತಿಕಾಯಗಳು (ಆಂಟಿಬಾಡಿ) ಹುಟ್ಟಿವೆ, ನೋಡಿಕೊಂಡು ಹೋಗೋಣ" ಎಂದು ಈಗಿನ ವೈದ್ಯೆ ಹೇಳಿದ್ದಾರೆ.

ನನಗೆ ಅರ್ಥವಾಗದಿರುವುದು ಇಷ್ಟು. ಮಗುವಿನ ಅರ್ಧ ಭಾಗ ತಂದೆಯದು. ಹೊರಗಿನವರ ಮೂತ್ರಪಿಂಡವನ್ನು ಒಂದೆರಡು ವಾರದಲ್ಲಿ ತಿರಸ್ಕರಿಸುವ ದೇಹ, ಇಡೀ ಮಗುವನ್ನು ಒಂಬತ್ತು ತಿಂಗಳು ಹೇಗೆ ಇಟ್ಟುಕೊಳ್ಳುತ್ತದೆ? ಇಟ್ಟುಕೊಳ್ಳುವ ಉಪಾಯ ಅದಕ್ಕೆ ಗೊತ್ತಿದ್ದ ಮೇಲೆ ರಕ್ತದ ವಿಷಯದಲ್ಲಿ ಎಡವಿದ್ದೇಕೆ? ಜೊತೆಗೆ, "ಬಸುರಿಯರಿಗೆ ನಿರೋಧಕ ಶಕ್ತಿಯೇ ಇರುವುದಿಲ್ಲ, ಯಾವ ಇಂಜೆಕ್ಷನ್ನೂ ಬೇಡ" ಎಂದು ತಂಗಿಯ ಅತ್ತೆ ಟಿಡಿ (ಧನುರ್ವಾಯು-ಡಿಫ್ತೀರಿಯಾ) ಲಸಿಕೆಯನ್ನೂ ತಡೆದಿದ್ದಾರೆ. ಅದು ಸರಿಯೇ?

ಹಂಚಿನಮನೆ

ನಮ್ಮ ಅತ್ತಿಗೆಯದೂ ನೆಗೆಟಿವ್ ಗುಂಪೇ. 28ನೆಯ ವಾರಕ್ಕೆ ಒಂದು ಆಂಟಿ-ಡಿ ಕೊಟ್ಟರು, ಮಗು ಆರೋಗ್ಯವಾಗಿದೆ. ನಿಮ್ಮ ತಂಗಿಗೂ ಕೊಡಿಸಿಬಿಡಿ, ಚಿಂತೆ ಬೇಡ.

ರಕ್ತನಿಧಿಯ ಕಿಟಕಿ

ಹಂಚಿನಮನೆಯವರೇ, ದಯವಿಟ್ಟು ಹಾಗೆ ಹೇಳಬೇಡಿ. ನಿಮ್ಮ ಅತ್ತಿಗೆಯವರಲ್ಲಿ ಪ್ರತಿಕಾಯ ಹುಟ್ಟಿರಲಿಲ್ಲ, ಆದ್ದರಿಂದ ಆ ಔಷಧಿ ಕೆಲಸ ಮಾಡಿತು. ಪ್ರತಿಕಾಯ ಹುಟ್ಟಿಬಿಟ್ಟ ಮೇಲೆ ಆಂಟಿ-ಡಿ ಕೊಟ್ಟು ಪ್ರಯೋಜನವಿಲ್ಲ. ತಾಯಿಯ ರಕ್ತಕ್ಕೆ ಸೋರಿದ ಮಗುವಿನ ಕೆಂಪು ಕಣಗಳನ್ನು, ದೇಹ ಅವುಗಳ ಗುರುತು ಹಿಡಿದು ನೆನಪಿಟ್ಟುಕೊಳ್ಳುವ ಮೊದಲೇ, ಹೊರಗಿನಿಂದ ಕೊಟ್ಟ ಪ್ರತಿಕಾಯಗಳಿಂದ ತೊಡೆದುಹಾಕುವುದಷ್ಟೇ ಅದರ ಕೆಲಸ. ನೆನಪು ಮೂಡಿದ ಮೇಲೆ ಅಳಿಸುವ ಔಷಧಿ ಯಾವುದೂ ಇಲ್ಲ.

ನಾನು 22 ವರ್ಷ ರಕ್ತನಿಧಿಯಲ್ಲಿ ತಂತ್ರಜ್ಞನಾಗಿ ಕೆಲಸ ಮಾಡಿದವನು. ಆ 1:8 ಎಂದರೇನೆಂದು ಹೇಳುತ್ತೇನೆ. ತಾಯಿಯ ರಕ್ತದ ಸೀರಮ್ಮನ್ನು ಎರಡು ಹನಿ ಗಾಜಿನ ಕೊಳವೆಗೆ ಬಿಟ್ಟು, ಅದಕ್ಕೆ ಒ ಪಾಸಿಟಿವ್ ಕೆಂಪು ಕಣಗಳ ಒಂದು ಹನಿ ಸೇರಿಸಿ, 37 ಡಿಗ್ರಿಯ ನೀರಿನಲ್ಲಿ ಮುಕ್ಕಾಲು ಗಂಟೆ ಇಡುತ್ತೇವೆ. ಆಮೇಲೆ ಉಪ್ಪುನೀರಿನಲ್ಲಿ ಮೂರು ಸಲ ತೊಳೆದು, ಪ್ರತಿಕಾಯ ಅಂಟಿದ ಕಣಗಳನ್ನು ಗಂಟುಕಟ್ಟಿಸುವ ಕೂಂಬ್ಸ್ ಸೀರಮ್ ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೇವೆ. ಕೊಳವೆಯ ತಳದಲ್ಲಿ ಕಣಗಳೆಲ್ಲ ಸೇರಿ ಒಂದು ಕೆಂಪು ಗುಂಡಿಯಾಗಿರುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಆ ಗುಂಡಿ ಹೊಗೆಯೆದ್ದಂತೆ ಕದಡಿಹೋದರೆ ನೆಗೆಟಿವ್, ರಾಗಿಹಿಟ್ಟು ಗಂಟುಕಟ್ಟಿದಂತೆ ತುಣುಕುತುಣುಕಾಗಿ ಎದ್ದರೆ ಪಾಸಿಟಿವ್. ಸೀರಮ್ಮನ್ನು ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ಎಂದು ತೆಳು ಮಾಡುತ್ತ ಹೋಗಿ, ಕೊನೆಯದಾಗಿ ಯಾವ ಕೊಳವೆಯಲ್ಲಿ ಗಂಟು ಕಾಣಿಸಿತೋ ಅದೇ ನಿಮ್ಮ ವರದಿಯ ಅಂಕಿ. ಸಾಮಾನ್ಯವಾಗಿ 1:16 ಅಥವಾ 1:32 ತಲುಪಿದಾಗ ಪ್ರಯೋಗಾಲಯಗಳು ಎಚ್ಚರಿಕೆಯ ಗಂಟೆ ಬಾರಿಸುತ್ತವೆ. ನಿಮ್ಮದು ಅದಕ್ಕಿಂತ ಕೆಳಗಿದೆ.

ಒಂದು ಮಾತನ್ನು ಮರೆಯಬೇಡಿ. ಪ್ರತಿ ಸಲವೂ ಅದೇ ಪ್ರಯೋಗಾಲಯದಲ್ಲಿ ಮಾಡಿಸಿ. ಎಂಟು ಹದಿನಾರಾದರೆ ವೈದ್ಯೆಗೆ ತೋರಿಸಿ, ಆದರೆ ಗಾಬರಿ ಬೇಡ, ಒಂದು ಕೊಳವೆಯ ವ್ಯತ್ಯಾಸ ಕೈಯ ವ್ಯತ್ಯಾಸವೂ ಆಗಿರಬಹುದು. ಎರಡು ಕೊಳವೆ ಏರಿದರೆ ಅದು ನಿಜವಾದ ಏರಿಕೆ.

ಹಂಚಿನಮನೆ

ತಪ್ಪಾಯಿತು. ಒಳ್ಳೆಯದಾಗಲಿ ಎಂದು ಬರೆದದ್ದಷ್ಟೇ.

ನಿವೃತ್ತ ಮೇಷ್ಟ್ರು

ತುಂಗಾತೀರ ಅವರೇ, ನಿಮ್ಮ ಮೊದಲ ಪ್ರಶ್ನೆ ಬಾಲಿಶವಲ್ಲ. ಅದನ್ನೇ 1953ರಲ್ಲಿ ಪೀಟರ್ ಮೆಡವಾರ್ ಎಂಬ ಬ್ರಿಟಿಷ್ ವಿಜ್ಞಾನಿ ಕೇಳಿದರು. ಚರ್ಮದ ಕಸಿ ಏಕೆ ನಿಲ್ಲುವುದಿಲ್ಲ ಎಂಬುದರ ಮೇಲೆ ಕೆಲಸ ಮಾಡಿದ ಅವರಿಗೆ 1960ರಲ್ಲಿ ನೊಬೆಲ್ ಬಂತು. ಅವರು ಮೂರು ಊಹೆಗಳನ್ನು ಮುಂದಿಟ್ಟರು. ತಾಯಿಗೂ ಭ್ರೂಣಕ್ಕೂ ನಡುವೆ ಗೋಡೆಯಿರಬೇಕು, ಇಲ್ಲವೇ ಭ್ರೂಣದ ಗುರುತುಚಿಹ್ನೆಗಳು ಇನ್ನೂ ಬಲಿತಿರಲಿಕ್ಕಿಲ್ಲ, ಇಲ್ಲವೇ ತಾಯಿಯ ನಿರೋಧಕ ವ್ಯವಸ್ಥೆಯೇ ಆ ಕಾಲದಲ್ಲಿ ನಿದ್ರೆಗೆ ಜಾರಿರಬೇಕು. ಎರಡನೆಯ ಮತ್ತು ಮೂರನೆಯ ಊಹೆಗಳು ನಿಲ್ಲಲಿಲ್ಲ, ಮೊದಲನೆಯದು ಅರ್ಧ ನಿಂತಿತು. ನಿಮ್ಮ ತಂಗಿಯ ಅತ್ತೆಯವರು ಹೇಳುತ್ತಿರುವುದು ಮೂರನೆಯ ಊಹೆಯನ್ನು. ಆ ಮಟ್ಟಿಗೆ ಅವರು ಮೆಡವಾರರ ಪಕ್ಷ ಎನ್ನಬಹುದು.

ಸೂಲಗಿತ್ತಿಯ ಮೊಮ್ಮಗಳು

ಆ ಗೋಡೆ ಎಂದರೆ ಮಾಸು ತಾನೇ? ನನ್ನ ಅಜ್ಜಿ ಹೆರಿಗೆಯಾದ ಮೇಲೆ ಮಾಸನ್ನು ಬಾಳೆಲೆಯ ಮೇಲೆ ಅಗಲವಾಗಿ ಹರಡಿ, ದೀಪ ಹಿಡಿದು, ಒಂದು ಚೂರಾದರೂ ಒಳಗೆ ಉಳಿದಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದರು. ತಾಯಿಯ ಕಡೆಯ ಮುಖ ಹೋಳುಹೋಳಾಗಿ ಒರಟಾಗಿರುತ್ತದೆ, ಮಗುವಿನ ಕಡೆಯ ಮುಖ ನುಣುಪಾಗಿ ಹೊಳೆಯುತ್ತದೆ. "ಇದು ಇಬ್ಬರ ನಡುವಿನ ಬಾಗಿಲು" ಎನ್ನುತ್ತಿದ್ದರು. ಅದು ತಾಯಿಯ ಅಂಗ ಎಂದೇ ನಾನು ತಿಳಿದಿದ್ದೆ.

ಅರ್ಧ ಡಾಕ್ಟರು

ನಿಮ್ಮ ಅಜ್ಜಿಯ ಮಾತು ಪಠ್ಯಪುಸ್ತಕಕ್ಕಿಂತ ಚೆನ್ನಾಗಿದೆ. ಆದರೆ ಮಾಸು ಬಹುಮಟ್ಟಿಗೆ ಮಗುವಿನದೇ ಅಂಗ. ಅಂದರೆ ಅದರಲ್ಲಿಯೂ ಅರ್ಧ ತಂದೆಯ ಪಾಲಿದೆ. ಪ್ರಶ್ನೆಯ ನಿಜವಾದ ಬಿಕ್ಕಟ್ಟು ಇರುವುದೇ ಇಲ್ಲಿ. ಮಗು ತಾಯಿಯ ರಕ್ತವನ್ನು ನೇರವಾಗಿ ಮುಟ್ಟುವುದಿಲ್ಲ, ಮುಟ್ಟುವುದು ಮಾಸು. (ನಾನು ಸ್ತ್ರೀರೋಗ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ, ಅದಕ್ಕೇ ಈ ಹೆಸರು.)

ಮಾಸಿನ ಹೊರಮೈ ಎರಡು ಬಗೆಯದು. ತಾಯಿಯ ರಕ್ತದಲ್ಲಿ ಮುಳುಗಿರುವ ಭಾಗ ಜೀವಕೋಶಗಳ ನಡುವೆ ಗಡಿಯೇ ಇಲ್ಲದ ಒಂದೇ ಹಾಳೆ. ಕೋಶಗಳನ್ನು ಹಾಗೆ ಬೆಸೆಯುವ ಸಿನ್ಸಿಟಿನ್ ಎಂಬ ಪ್ರೋಟೀನು ನಮ್ಮ ಪೂರ್ವಜರ ವಂಶವಾಹಿಯೊಳಗೆ ಬಂದು ನೆಲೆಸಿದ ಪುರಾತನ ವೈರಸ್ಸೊಂದರ ಕೊಡುಗೆ ಎಂಬುದು 2000ದಲ್ಲಿ ಗೊತ್ತಾಯಿತು. ಈ ಹಾಳೆಯ ಮೇಲೆ ಎಚ್‌ಎಲ್‌ಎ ಎಂಬ ಗುರುತುಚಿಹ್ನೆಗಳು ಇರುವುದೇ ಇಲ್ಲ. ಮೂತ್ರಪಿಂಡದ ಕಸಿಯನ್ನು ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಹಿಡಿಯುವುದು ಆ ಚಿಹ್ನೆಗಳಿಂದಲೇ ಆದ್ದರಿಂದ ಇಲ್ಲಿ ಅವುಗಳಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಎರಡನೆಯ ಬಗೆಯ ಕೋಶಗಳು ಗರ್ಭಕೋಶದ ಗೋಡೆಯೊಳಗೇ ಬೇರಿನಂತೆ ಇಳಿಯುತ್ತವೆ. ಇವು ಎಚ್‌ಎಲ್‌ಎ-ಎ ಮತ್ತು ಎಚ್‌ಎಲ್‌ಎ-ಬಿಗಳನ್ನು ಬಚ್ಚಿಟ್ಟು, ಎಚ್‌ಎಲ್‌ಎ-ಸಿ, ಎಚ್‌ಎಲ್‌ಎ-ಇ, ಎಚ್‌ಎಲ್‌ಎ-ಜಿ ಎಂಬ ಮೂರನ್ನು ಮಾತ್ರ ತೋರಿಸುತ್ತವೆ. ಯಾವ ಗುರುತೂ ಇಲ್ಲದ ಕೋಶ ಕಂಡರೆ ಕೊಲ್ಲುವುದು ಎನ್‌ಕೆ ಕೋಶಗಳ ಸ್ವಭಾವ. ಎಚ್‌ಎಲ್‌ಎ-ಜಿ ಅವುಗಳನ್ನು ಸಮಾಧಾನಪಡಿಸುತ್ತದೆ. ಆದ್ದರಿಂದ "ಗೋಡೆ" ಎನ್ನುವುದಕ್ಕಿಂತ ಯಾವ ಚೀಟಿ ತೋರಿಸಬೇಕು, ಯಾವುದನ್ನು ಜೇಬಿನಲ್ಲಿಯೇ ಇಡಬೇಕು ಎಂದು ಬಲ್ಲ ಗಡಿಠಾಣೆ ಎನ್ನುವುದು ಸರಿ.

ಜೋಗದ ಗುಂಡಿ

ಎನ್‌ಕೆ ಎಂದರೆ ನ್ಯಾಚುರಲ್ ಕಿಲ್ಲರ್ ಅಲ್ಲವೇ? ಕೊಲೆಗಾರರನ್ನು ಗರ್ಭಕೋಶದಲ್ಲಿ ಇಟ್ಟುಕೊಂಡಿರುವುದು ಯಾವ ನ್ಯಾಯ?

ಅರ್ಧ ಡಾಕ್ಟರು

ಹೆಸರು ಕೊಟ್ಟವರ ತಪ್ಪು. ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಸುಮಾರು 70% ಈ ಎನ್‌ಕೆ ಕೋಶಗಳೇ. ಅಲ್ಲಿರುವ ಎನ್‌ಕೆ ಕೋಶ ರಕ್ತದಲ್ಲಿ ಸುತ್ತುವ ಎನ್‌ಕೆ ಕೋಶದಂತಲ್ಲ, ಅದು ಕೊಲ್ಲುವ ಬದಲು ಕಟ್ಟುವ ಕೆಲಸ ಮಾಡುತ್ತದೆ. ಗರ್ಭಕೋಶದ ಸುರುಳಿ ರಕ್ತನಾಳಗಳನ್ನು ಸಡಿಲಗೊಳಿಸಿ, ಸಣ್ಣ ಕಾಲುವೆಯನ್ನು ದೊಡ್ಡ ನಾಲೆಯಾಗಿ ಅಗಲಿಸಲು ಮಾಸಿನ ಕೋಶಗಳಿಗೆ ನೆರವಾಗುತ್ತದೆ. ಇಲ್ಲಿ ನಿರೋಧಕ ಕೋಶಗಳು ಸುಮ್ಮನಿದ್ದರೆ ಸಾಲದು, ಅವು ಕೆಲಸ ಮಾಡಲೇಬೇಕು. ಹಾಗಾಗಿ "ನಿರೋಧಕ ಶಕ್ತಿ ಕಡಿಮೆಯಾದರೇನೇ ಮಗು ನಿಲ್ಲುವುದು" ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ನೇರ ಮಾತು

ಕ್ಷಮಿಸಿ, ಇದು ವಿಪರೀತವಾಯಿತು. ಗರ್ಭಿಣಿಯರಿಗೆ ಜ್ವರ ಬಂದರೆ ಉಲ್ಬಣಿಸುತ್ತದೆ ಎಂಬುದನ್ನು ಎಲ್ಲರೂ ಕಂಡಿದ್ದೇವೆ. 2009ರ ಎಚ್1ಎನ್1 ಜ್ವರದಲ್ಲಿ ಗರ್ಭಿಣಿಯರು ಎಷ್ಟು ನರಳಿದರೆಂಬುದು ದಾಖಲಾಗಿದೆ. ನಿರೋಧಕ ಶಕ್ತಿ ತಗ್ಗಿಲ್ಲದಿದ್ದರೆ ಇದೆಲ್ಲ ಏಕೆ? ಅಜ್ಜಿಯಂದಿರ ಅನುಭವವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಓದಿದವರ ಚಾಳಿ.

ಪುಣೆಯ ಕನ್ನಡತಿ

ನೇರ ಮಾತು ಅವರು ಎತ್ತಿದ ಪ್ರಶ್ನೆಯಲ್ಲಿ ಹುರುಳಿದೆ, ತೀರ್ಮಾನದಲ್ಲಿ ಇಲ್ಲ. ನಾನು ವೈರಾಣು ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಇನ್ನೂ ಗಟ್ಟಿಯಾದ ಉದಾಹರಣೆ ನಮ್ಮ ದೇಶದ್ದೇ ಇದೆ. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಕೊಳಚೆ ಸೇರಿ ಸಾವಿರಾರು ಜನರಿಗೆ ಕಾಮಾಲೆಯಾಯಿತು. ಆ ಪಿಡುಗಿಗೆ ಕಾರಣ ಹೆಪಟೈಟಿಸ್ ಇ ಎಂಬುದು ಎಷ್ಟೋ ವರ್ಷಗಳ ಮೇಲೆ ಕೂಡಿಟ್ಟ ಮಾದರಿಗಳಿಂದ ತಿಳಿಯಿತು. ಉಳಿದವರಲ್ಲಿ ನೂರಕ್ಕೆ ಒಬ್ಬರನ್ನೂ ಕೊಲ್ಲದ ಆ ಸೋಂಕು, ಕೊನೆಯ ಮೂರು ತಿಂಗಳ ಗರ್ಭಿಣಿಯರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಜನರನ್ನು ಬಲಿ ತೆಗೆದುಕೊಳ್ಳಬಲ್ಲದು. ಆದರೆ ಹೆಪಟೈಟಿಸ್ ಎ ತಗುಲಿದರೆ ಅದೇ ಗರ್ಭಿಣಿ ಸಾಮಾನ್ಯವಾಗಿ ಉಳಿದವರಂತೆಯೇ ಚೇತರಿಸಿಕೊಳ್ಳುತ್ತಾಳೆ. ನಿರೋಧಕ ಶಕ್ತಿ ಒಟ್ಟಾರೆ ಕುಸಿದಿದ್ದರೆ ಎರಡೂ ಒಂದೇ ರೀತಿ ಕಾಡಬೇಕಿತ್ತು.

ಮಲೇರಿಯಾದ ಕಥೆಯೂ ಹೀಗೆಯೇ. ಹತ್ತಾರು ಸಲ ಮಲೇರಿಯಾ ಬಂದು ಗಟ್ಟಿಯಾದ ಹೆಂಗಸು ಚೊಚ್ಚಲ ಬಸುರಿನಲ್ಲಿ ಮತ್ತೆ ಹಾಸಿಗೆ ಹಿಡಿಯುತ್ತಾಳೆ. ಮಾಸಿನಲ್ಲಿ ಅಂಟಿಕೊಳ್ಳಲು ಪರಾವಲಂಬಿಗೆ ಹೊಸ ಜಾಗ ಸಿಕ್ಕಿರುತ್ತದೆ, ಅದಕ್ಕಾಗಿ ಅದು ತೊಡುವ ವೇಷವನ್ನು ಅವಳ ದೇಹ ಹಿಂದೆಂದೂ ಕಂಡಿರುವುದಿಲ್ಲ. ಎರಡನೆಯ, ಮೂರನೆಯ ಬಸುರಿನ ಹೊತ್ತಿಗೆ ಪ್ರತಿಕಾಯ ಬೆಳೆಸಿಕೊಂಡು ಅವಳು ತಡೆದುಕೊಳ್ಳುತ್ತಾಳೆ. ಗರ್ಭಾವಸ್ಥೆಯಲ್ಲಿ ಕಲಿತು ನೆನಪಿಟ್ಟುಕೊಳ್ಳುವ ವ್ಯವಸ್ಥೆಯನ್ನು ದುರ್ಬಲವೆಂದು ಹೇಗೆ ಕರೆಯುವುದು? ಎಚ್1ಎನ್1 ವಿಚಾರದಲ್ಲಂತೂ ಮೇಲಕ್ಕೆ ಒತ್ತಿದ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು), ಹೆಚ್ಚು ದುಡಿಯುವ ಹೃದಯ, ಇವುಗಳ ಪಾಲೂ ಇದೆ.

ನಿವೃತ್ತ ಮೇಷ್ಟ್ರು

ಸ್ಟ್ಯಾನ್‌ಫರ್ಡ್‌ನವರು 2017ರಲ್ಲಿ ಪ್ರಕಟಿಸಿದ ಕೆಲಸವೊಂದು ಈ ವಾದಕ್ಕೆ ಹೊಂದುತ್ತದೆ. ಗರ್ಭಿಣಿಯ ರಕ್ತದ ನಿರೋಧಕ ಕೋಶಗಳು ವಾರವಾರವೂ ಎಷ್ಟು ಕ್ರಮಬದ್ಧವಾಗಿ ಬದಲಾಗುತ್ತವೆಂದರೆ, ಆ ಕೋಶಗಳನ್ನಷ್ಟೇ ನೋಡಿ ಎಷ್ಟನೆಯ ವಾರವೆಂದು ಅಂದಾಜಿಸಲು ಸಾಧ್ಯವಾಯಿತು. ಅವರು ಅದನ್ನು ನಿರೋಧಕ ಗಡಿಯಾರ ಎಂದೇ ಕರೆದರು. ಗರ್ಭ ನೆಲೆಯೂರುವಾಗ ಒಂದಿಷ್ಟು ಉರಿಯೂತ, ನಡುವಿನ ತಿಂಗಳುಗಳಲ್ಲಿ ಶಾಂತಿ, ಹೆರಿಗೆಯ ಹೊತ್ತಿಗೆ ಮತ್ತೆ ಉರಿಯೂತ, ಇದು ಸಾಮಾನ್ಯ ನಡೆ.

ನೇರ ಮಾತು

ನಡುವಿನ ತಿಂಗಳುಗಳಲ್ಲಿ ಶಾಂತಿ ಎಂದು ನೀವೇ ಒಪ್ಪಿಕೊಂಡಿರಿ. ನಾನು ಹೇಳಿದ್ದೂ ಅದನ್ನೇ.

ನಿವೃತ್ತ ಮೇಷ್ಟ್ರು

ಶಾಂತಿ ಎಂದೆ, ದೌರ್ಬಲ್ಯ ಎನ್ನಲಿಲ್ಲ. ಇವೆರಡರ ನಡುವಿನ ವ್ಯತ್ಯಾಸವನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿ ಸಾಕಾಗಿದೆ.

ಬಾದಾಮಿ ಬನಶಂಕರಿ

ನನ್ನ ಸ್ವಂತ ಅನುಭವ ಹೇಳುತ್ತೇನೆ. ನನಗೆ 26ನೆಯ ವಯಸ್ಸಿನಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದರೆ ಹಾಲಿನ ಪ್ಯಾಕೆಟ್ಟನ್ನು ಕತ್ತರಿಸಲೂ ಬೆರಳು ಮಡಚುತ್ತಿರಲಿಲ್ಲ. ಬಸುರಿಯಾದ ನಾಲ್ಕನೆಯ ತಿಂಗಳಿನಿಂದ ಸೀಮಂತದವರೆಗೂ ನೋವೇ ಇರಲಿಲ್ಲ, ಬಳೆ ತೊಡಿಸಲು ಬಂದವರು ಕೈ ಹಿಚುಕಿದರೂ ನಕ್ಕೆ. ಬಾಣಂತನದ ಎರಡನೆಯ ತಿಂಗಳಿಗೆ ಮಗುವನ್ನು ಎತ್ತಿಕೊಳ್ಳಲಾಗದಷ್ಟು ನೋವು ಮರಳಿತು. ನಂಜಿನ ಪದಾರ್ಥ ತಿಂದಿದ್ದೀಯಾ ಎಂದು ಮನೆಯವರೆಲ್ಲ ನನ್ನನ್ನೇ ಬೈದರು.

ಅರ್ಧ ಡಾಕ್ಟರು

ಬನಶಂಕರಿ ಅಕ್ಕಾ, ಬದನೆಕಾಯಿಯ ತಪ್ಪು ಏನೂ ಇಲ್ಲ. ಫಿಲಿಪ್ ಹೆಂಚ್ ಎಂಬ ಅಮೆರಿಕದ ವೈದ್ಯರು 1938ರಷ್ಟು ಹಿಂದೆಯೇ ಇದನ್ನು ಬರೆದಿದ್ದಾರೆ. ಗರ್ಭಿಣಿಯರಲ್ಲಿ ಸಂಧಿವಾತವನ್ನು ಇಳಿಸುವ ವಸ್ತು ಯಾವುದೆಂದು ಹುಡುಕುತ್ತ ಹೋದವರೇ ಮುಂದೆ ಕಾರ್ಟಿಸೋನ್ ಚಿಕಿತ್ಸೆಗೆ ತಲುಪಿ 1950ರಲ್ಲಿ ನೊಬೆಲ್ ಪಡೆದರು. ತನ್ನದೇ ಕೀಲುಗಳ ಮೇಲೆ ತಿರುಗಿಬಿದ್ದ ಟಿ ಕೋಶಗಳ ಆರ್ಭಟ ತಗ್ಗಿ ಅವುಗಳನ್ನು ಹದ್ದಿನಲ್ಲಿಡುವ ನಿಯಂತ್ರಕ ಟಿ ಕೋಶಗಳು ಹೆಚ್ಚುವುದರಿಂದ ಸಂಧಿವಾತ ಇಳಿಯುತ್ತದೆ ಎನ್ನುತ್ತಾರೆ, ಹೆರಿಗೆಯಾದೊಡನೆ ತಕ್ಕಡಿ ಮರಳುತ್ತದೆ. ಆದರೆ ದೇಹ ತನ್ನದೇ ಅಂಗಗಳ ವಿರುದ್ಧ ಮಾಡುವ ಪ್ರತಿಕಾಯಗಳಿಂದ ನಡೆಯುವ ಲೂಪಸ್ ಎಂಬ ರೋಗ ಬಸುರಿನಲ್ಲಿ ಹಾಗೆ ಇಳಿಯುವುದಿಲ್ಲ, ಕೆಲವರಲ್ಲಿ ಕೆರಳುತ್ತದೆ. ಆಂಟಿ-ರೋ ಎಂಬ ಪ್ರತಿಕಾಯ ಇರುವ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಹೃದಯದ ಬಡಿತದ ತಂತುಗಳೇ ಹಾನಿಗೊಳ್ಳುತ್ತವೆ.

ತುಂಗಾತೀರ

ಓದುತ್ತಾ ಓದುತ್ತಾ ನನ್ನ ಪ್ರಶ್ನೆ ಇನ್ನೂ ಹರಿತವಾಗುತ್ತಿದೆ. ಟಿ ಕೋಶಗಳನ್ನು ಶಾಂತಗೊಳಿಸಿದ ದೇಹ ಪ್ರತಿಕಾಯಗಳನ್ನು ಮಾತ್ರ ಏಕೆ ಬಿಟ್ಟಿದೆ? ಪಾಸಿಟಿವ್ ರಕ್ತದಲ್ಲಷ್ಟೇ ಇರುವ ಆ ಡಿ ಅಂಶದ ಮೇಲೆ ಇಷ್ಟು ಹಗೆ ಏಕೆ?

ರಕ್ತನಿಧಿಯ ಕಿಟಕಿ

ಇದಕ್ಕೆ ಉತ್ತರ ನನ್ನ ಕಸುಬಿನ ಕಡೆಯಿಂದ ಬರಬೇಕು. ಮೊದಲಿಗೆ ಒಂದು ಗುಟ್ಟು: ತಾಯಂದಿರು ತಂದೆಯ ಎಚ್‌ಎಲ್‌ಎ ಚಿಹ್ನೆಗಳ ವಿರುದ್ಧವೂ ಪ್ರತಿಕಾಯಗಳನ್ನು ಮಾಡುತ್ತಾರೆ, ಅದೂ ಧಾರಾಳವಾಗಿ. 1958ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಯೋನ್ ವಾನ್ ರೂಡ್ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರೋಸ್ ಪೇನ್ ಇದನ್ನು ಕಂಡರು. ಎಷ್ಟೋ ವರ್ಷ ಮೂತ್ರಪಿಂಡದ ಕಸಿಗೆ ಹೊಂದಾಣಿಕೆ ನೋಡಲು ಬಳಸುತ್ತಿದ್ದ ಸೀರಮ್ ಹಲವು ಹೆರಿಗೆಯಾದ ತಾಯಂದಿರದೇ. ಇಂದಿಗೂ ಅನೇಕ ಕಡೆ ಬಹು ಹೆರಿಗೆಯಾದ ಹೆಂಗಸರ ಪ್ಲಾಸ್ಮಾವನ್ನು ರೋಗಿಗಳಿಗೆ ಕೊಡುವುದನ್ನು ತಪ್ಪಿಸುತ್ತಾರೆ, ಆ ಪ್ರತಿಕಾಯಗಳು ಪಡೆದವರ ಶ್ವಾಸಕೋಶವನ್ನು ಕೆರಳಿಸಬಹುದು.

ಹಾಗಾದರೆ ಆ ಪ್ರತಿಕಾಯಗಳು ಮಗುವನ್ನು ಏಕೆ ಕೊಲ್ಲುವುದಿಲ್ಲ? ಏಕೆಂದರೆ ಮಾಸಿನ ಒಳಗಿನ ಕೋಶಗಳ ಮೇಲೆ ಅದೇ ಎಚ್‌ಎಲ್‌ಎ ಇದೆ. ದಾಟಿ ಬಂದ ಪ್ರತಿಕಾಯ ಅಲ್ಲಿಯೇ ಸ್ಪಂಜಿಗೆ ನೀರು ಹೀರಿದಂತೆ ಹೀರಿಹೋಗುತ್ತದೆ, ಮಗುವಿನ ತನಕ ತಲುಪುವುದೇ ಅಪರೂಪ. ಡಿ ಅಂಶ ಮಾಸಿನಲ್ಲಿ ಇಲ್ಲ, ಇರುವುದು ಕೆಂಪು ಕಣದ ಮೇಲೆ ಮಾತ್ರ. ಆಂಟಿ-ಡಿ ಪ್ರತಿಕಾಯವನ್ನು ನಡುದಾರಿಯಲ್ಲಿ ತಡೆಯುವವರು ಯಾರೂ ಇಲ್ಲ, ಅದು ನೇರ ಮಗುವಿನ ಕೆಂಪು ಕಣಗಳನ್ನು ತಲುಪಿ ನಾಶ ಮಾಡುತ್ತದೆ. ಅದಕ್ಕೂ ಮಿಗಿಲಾಗಿ, ಐಜಿಜಿ ಜಾತಿಯ ಪ್ರತಿಕಾಯಗಳನ್ನು ಮಾಸು ತಾನೇ ಕೈಹಿಡಿದು ಮಗುವಿಗೆ ದಾಟಿಸುತ್ತದೆ. ನಾಲ್ಕನೆಯ ತಿಂಗಳಿನಿಂದ ಶುರುವಾಗಿ ಕೊನೆಯ ತಿಂಗಳುಗಳಲ್ಲಿ ಈ ಸಾಗಣೆ ಜೋರಾಗುತ್ತದೆ. ಧನುರ್ವಾಯು, ದಡಾರಗಳಿಂದ ಹಸುಗೂಸನ್ನು ಕಾಪಾಡಲು ಇಟ್ಟ ದೋಣಿಯಲ್ಲೇ ಆಂಟಿ-ಡಿ ಕೂಡ ಹತ್ತಿ ಕುಳಿತುಕೊಳ್ಳುತ್ತದೆ.

ಇನ್ನು ಪ್ರತಿಕಾಯ ಹುಟ್ಟಿದ್ದಾದರೂ ಎಲ್ಲಿ? ಗರ್ಭಕೋಶದಲ್ಲಿ ಅಲ್ಲ. ಗರ್ಭಪಾತ, ಹೆರಿಗೆ, ಪೆಟ್ಟು ಇಂತಹ ಹೊತ್ತಿನಲ್ಲಿ ಸೋರಿದ ಮಗುವಿನ ಕಣಗಳು ತಾಯಿಯ ರಕ್ತದಲ್ಲಿ ಸುತ್ತಿ ಗುಲ್ಮವನ್ನು (ಸ್ಪ್ಲೀನ್) ತಲುಪುತ್ತವೆ. ಇಲಿಗಳಲ್ಲಿ 2012ರಲ್ಲಿ ತೋರಿಸಿದಂತೆ, ಗರ್ಭಕೋಶದ ಒಳಪದರ ಟಿ ಕೋಶಗಳನ್ನು ಕರೆಯುವ ವಂಶವಾಹಿಗಳನ್ನೇ ಮುಚ್ಚಿಬಿಟ್ಟಿರುತ್ತದೆ, ಕರೆಗಂಟೆಯ ತಂತಿ ಕತ್ತರಿಸಿದ ಹಾಗೆ. ಆ ಏರ್ಪಾಡು ಇರುವುದು ಆ ಕೋಣೆಗೆ ಮಾತ್ರ. ಗುಲ್ಮದಲ್ಲಿ ಗಂಟೆ ಎಂದಿನಂತೆ ಬಾರಿಸುತ್ತದೆ. ನಿಮ್ಮ ತಂಗಿಯ ದೇಹ ತಪ್ಪು ಮಾಡಲಿಲ್ಲ, ಯಾರದೋ ರಕ್ತ ಒಳಗೆ ಬಂದಾಗ ಮಾಡಬೇಕಾದದ್ದನ್ನೇ ಮಾಡಿತು.

ಒಂದು ಕುತೂಹಲದ ಸಂಗತಿ. ಆ ಮಗು ತಂದೆಯಿಂದ ಬಿ ಗುಂಪನ್ನು ಪಡೆದಿದ್ದರೆ, ನಿಮ್ಮ ತಂಗಿಯಲ್ಲಿ ಎಳವೆಯಿಂದಲೇ ಇರುವ ಆಂಟಿ-ಬಿ ಪ್ರತಿಕಾಯ ಆ ಕಣಗಳನ್ನು ಬಹುಮಟ್ಟಿಗೆ ಅಲ್ಲಿಯೇ ನಾಶ ಮಾಡಿ, ಡಿ ವಿರುದ್ಧ ಪ್ರತಿಕಾಯ ಹುಟ್ಟದಂತೆ ಕಾಪಾಡುವ ಸಾಧ್ಯತೆ ಹೆಚ್ಚಿತ್ತು. ಬಹುಶಃ ಆ ಮಗು ಬಿ ಆಗಿರಲಿಲ್ಲ. ಈ ಸೂಕ್ಷ್ಮವನ್ನು ಗಮನಿಸಿದ್ದರಿಂದಲೇ ಲಿವರ್‌ಪೂಲ್‌ನ ಸಿರಿಲ್ ಕ್ಲಾರ್ಕ್ ಮತ್ತು ರೊನಾಲ್ಡ್ ಫಿನ್ ತಂಡಕ್ಕೆ ಆಂಟಿ-ಡಿ ಕೊಡುವ ಯೋಚನೆ ಹೊಳೆದದ್ದು. ಕ್ಲಾರ್ಕ್ ಹವ್ಯಾಸಕ್ಕೆ ಚಿಟ್ಟೆ ಸಾಕಿ ಅವುಗಳ ವಂಶವಾಹಿ ಅಭ್ಯಾಸ ಮಾಡುತ್ತಿದ್ದವರು. ನ್ಯೂಯಾರ್ಕಿನ ತಂಡವೊಂದು ಅದೇ ಕಾಲಕ್ಕೆ ಬೇರೆ ದಾರಿಯಿಂದ ಅಲ್ಲಿಗೇ ಬಂತು. 1968ರಲ್ಲಿ ಅಮೆರಿಕದಲ್ಲಿ ಔಷಧಿಗೆ ಪರವಾನಗಿ ಸಿಕ್ಕಿತು. ಮೊದಲು ನೂರು ನೆಗೆಟಿವ್ ತಾಯಂದಿರಲ್ಲಿ ಸುಮಾರು 16 ಜನರಲ್ಲಿ ಪ್ರತಿಕಾಯ ಹುಟ್ಟುತ್ತಿತ್ತು. ಹೆರಿಗೆಯ ನಂತರದ ಚುಚ್ಚುಮದ್ದಿನಿಂದ ಅದು ಒಂದೆರಡಕ್ಕೆ ಇಳಿಯಿತು, 28ನೆಯ ವಾರದ್ದೂ ಸೇರಿದ ಮೇಲೆ ಸಾವಿರಕ್ಕೆ ಒಂದೆರಡಾಯಿತು.

ನ್ಯೂಜೆರ್ಸಿ ನಂಜುಂಡ

ಆ ಔಷಧಿಯನ್ನು ಇಂದಿಗೂ ಬಹುಮಟ್ಟಿಗೆ ಮನುಷ್ಯರ ಪ್ಲಾಸ್ಮಾದಿಂದಲೇ ತೆಗೆಯುತ್ತಾರೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅದಕ್ಕಾಗಿ 1,173 ಸಲ ದಾನ ಮಾಡಿ 2025ರಲ್ಲಿ ತೀರಿಕೊಂಡರು.

ಕೃಷ್ಣೆಯ ದಡ

ಚರ್ಚೆಯಲ್ಲಿ ಬಿಪಿಯ ಮಾತೇ ಬರಲಿಲ್ಲ. ನನ್ನ ಹೆಂಡತಿಗೆ ಎಂಟನೆಯ ತಿಂಗಳಲ್ಲಿ ಮುಖ ಊದಿ, ಕಣ್ಣು ಮಂಜಾಗಿ, ಬಿಪಿ 170 ದಾಟಿ, ಮಗುವನ್ನು ಅವಸರದಲ್ಲಿ ಹೊರತೆಗೆಯಬೇಕಾಯಿತು. ಅದು ಉಪ್ಪು ಹೆಚ್ಚು ತಿಂದದ್ದರಿಂದ ಎಂದರು. ಅದಕ್ಕೂ ನಿರೋಧಕ ವ್ಯವಸ್ಥೆಗೂ ಸಂಬಂಧವಿದೆಯೇ?

ಅರ್ಧ ಡಾಕ್ಟರು

ಇದೆ, ಮತ್ತು ಉಪ್ಪಿನ ಮೇಲೆ ಹೊರಿಸಿದ್ದು ಅನ್ಯಾಯ. ಪ್ರಿಎಕ್ಲಾಂಪ್ಸಿಯಾ ಎಂಬ ಈ ಗರ್ಭನಂಜಿನ ಬೀಜ ಬೀಳುವುದು ಬಿಪಿ ಏರುವುದಕ್ಕೆ ತಿಂಗಳುಗಳ ಮೊದಲೇ. ಸುರುಳಿ ರಕ್ತನಾಳಗಳು ನಾಲೆಯಾಗಿ ಅಗಲವಾಗಬೇಕೆಂದು ಮೇಲೆ ಬರೆದೆನಲ್ಲ, ಅದು ಅರ್ಧಕ್ಕೆ ನಿಂತರೆ ಮಾಸಿಗೆ ರಕ್ತ ಸಾಲುವುದಿಲ್ಲ. ಮಗುವಿನ ಎಚ್‌ಎಲ್‌ಎ-ಸಿಯನ್ನು ತಾಯಿಯ ಎನ್‌ಕೆ ಕೋಶಗಳು ಕಿರ್ ಎಂಬ ಗ್ರಾಹಕಗಳಿಂದ ಓದುತ್ತವೆ. ತಾಯಿಯಲ್ಲಿ ಕಿರ್ ಎಎ ಬಗೆಯಿದ್ದು ಮಗುವಿನಲ್ಲಿ ಸಿ2 ಬಗೆಯ ಎಚ್‌ಎಲ್‌ಎ-ಸಿ ಇದ್ದರೆ ಎನ್‌ಕೆ ಕೋಶಗಳು ಅತಿಯಾಗಿ ತಡೆಹಿಡಿಯಲ್ಪಟ್ಟು ಈ ಅಪಾಯ ಹೆಚ್ಚುತ್ತದೆಂದು ಕೇಂಬ್ರಿಡ್ಜಿನ ಆ್ಯಶ್ಲಿ ಮಾಫೆಟ್ ಅವರ ತಂಡ 2004ರಲ್ಲಿ ತೋರಿಸಿತು. ವಿಚಿತ್ರವನ್ನು ಗಮನಿಸಿ: ಇಲ್ಲಿ ತೊಂದರೆಯಾಗುವುದು ನಿರೋಧಕ ಕೋಶಗಳು ಹೆಚ್ಚು ದುಡಿದದ್ದರಿಂದಲ್ಲ, ಕಡಿಮೆ ದುಡಿದದ್ದರಿಂದ. ಹಸಿದ ಮಾಸು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಸುರಿದು ಅವಳ ರಕ್ತನಾಳಗಳನ್ನು ಕೆಡಿಸುತ್ತದೆ. ಇದನ್ನು 2003ರಲ್ಲಿ ಪ್ರಕಟಿಸಿದ ತಂಡದ ಮುಂದಾಳು ಭಾರತದಲ್ಲಿ ಓದಿ ಅಮೆರಿಕಕ್ಕೆ ಹೋದ ಅನಂತ್ ಕರುಮಂಚಿ.

ಅಪಾಯವಿರುವವರಿಗೆ ಮೊದಲ ಮೂರು ತಿಂಗಳು ಮುಗಿಯುವ ಹೊತ್ತಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸುತ್ತಾರೆ. ನಮ್ಮ ಬೆಳಗಾವಿಯೂ ಇದರಲ್ಲಿ ಪಾಲು ಪಡೆದಿದೆ. ಆರು ದೇಶಗಳ ಸುಮಾರು 12,000 ಚೊಚ್ಚಲ ಗರ್ಭಿಣಿಯರಲ್ಲಿ ನಡೆದು 2020ರಲ್ಲಿ ಪ್ರಕಟವಾದ ಆಸ್ಪಿರಿನ್ ಪ್ರಯೋಗದ ಎರಡು ಭಾರತೀಯ ಕೇಂದ್ರಗಳಲ್ಲಿ ಅದೊಂದು, ನಾಗಪುರ ಇನ್ನೊಂದು. ದಿನಕ್ಕೆ 81 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಅವಧಿಗೆ ಮುಂಚಿನ ಹೆರಿಗೆ 13.1%ರಿಂದ 11.6%ಕ್ಕೆ ಇಳಿಯಿತು. ಸಣ್ಣ ಅಂಕಿಯೆನಿಸಬಹುದು, ಮಾತ್ರೆಯ ಬೆಲೆಯನ್ನೂ ನೋಡಿ.

ಮೂರನೆಯ ಸಲ

ನಮಗೆ ಎರಡು ಗರ್ಭ ಹೋದ ಮೇಲೆ ವೈದ್ಯರೊಬ್ಬರು ನನ್ನ ಗಂಡನ ರಕ್ತದ ಬಿಳಿ ಕಣಗಳನ್ನು ತೆಗೆದು ನನಗೆ ಚುಚ್ಚಿದರು. "ಗಂಡನ ಕಣಗಳನ್ನು ನಿಮ್ಮ ದೇಹಕ್ಕೆ ಪರಿಚಯ ಮಾಡಿಸುತ್ತೇವೆ" ಎಂದರು. ಮೂರನೆಯ ಸಲ ಮಗು ನಿಂತಿತು. ತುಂಗಾತೀರ ಅವರ ತಂಗಿಗೂ ಇದನ್ನು ಕೇಳಿ ನೋಡಬಹುದು.

ರಕ್ತನಿಧಿಯ ಕಿಟಕಿ

ಬೇಡವೇ ಬೇಡ. ಈಗಾಗಲೇ ಪ್ರತಿಕಾಯ ಹುಟ್ಟಿರುವ ನೆಗೆಟಿವ್ ತಾಯಿಗೆ ಪಾಸಿಟಿವ್ ಗಂಡನ ರಕ್ತದ ಅಂಶವನ್ನು ಚುಚ್ಚುವುದೆಂದರೆ ಬೆಂಕಿಗೆ ತುಪ್ಪ ಸುರಿದಂತೆ. ಬಿಳಿ ಕಣದ ಜೊತೆ ನಾಲ್ಕು ಕೆಂಪು ಕಣವಾದರೂ ಬಂದೇ ಬರುತ್ತವೆ.

ಅರ್ಧ ಡಾಕ್ಟರು

ಮೂರನೆಯ ಸಲ ಅವರೇ, ನಿಮ್ಮ ಮಗು ಚೆನ್ನಾಗಿರಲಿ. ಆದರೆ ಆ ಚಿಕಿತ್ಸೆಯನ್ನು ಸರಿಯಾಗಿ ಹೋಲಿಸಿ ನೋಡಿದ ಪ್ರಯೋಗದ ಫಲಿತಾಂಶ 1999ರಲ್ಲಿ ಬಂದಿದೆ. ಚುಚ್ಚಿಸಿಕೊಂಡವರಲ್ಲಿ 36% ಜನರಿಗೆ ಗರ್ಭ ನಿಂತಿತು, ಬರೀ ಉಪ್ಪುನೀರು ಚುಚ್ಚಿಸಿಕೊಂಡವರಲ್ಲಿ 48% ಜನರಿಗೆ ನಿಂತಿತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದನ್ನು ಸಂಶೋಧನೆಯ ಹೊರಗೆ ಕೊಡಕೂಡದೆಂದರು. ಕಾರಣ ಸಿಗದ ಪುನರಾವರ್ತಿತ ಗರ್ಭಪಾತದಲ್ಲಿ ಏನೂ ಮಾಡದಿದ್ದರೂ ಮುಂದಿನ ಸಲ ಅರ್ಧಕ್ಕಿಂತ ಹೆಚ್ಚು ಜನರಿಗೆ ಮಗುವಾಗುತ್ತದೆ, ಯಶಸ್ಸಿನ ಕೀರ್ತಿ ಕೊನೆಯಲ್ಲಿ ಚಿಕಿತ್ಸೆ ಕೊಟ್ಟವರಿಗೆ ಸಲ್ಲುತ್ತದೆ. ಮೊಣಕೈಯಿಂದ ತೆಗೆದ ರಕ್ತದಲ್ಲಿ ಎನ್‌ಕೆ ಕೋಶ ಎಣಿಸಿ ಹಣ ಪಡೆಯುವವರೂ ಇದ್ದಾರೆ. ಗರ್ಭಕೋಶದ ಎನ್‌ಕೆ ಕೋಶ ಬೇರೆಯೇ ಎಂದು ಮೇಲೆ ಹೇಳಿದ್ದೇನೆ.

ನಿರೋಧಕ ವ್ಯವಸ್ಥೆಯ ದೋಷದಿಂದ ಗರ್ಭ ಹೋಗುವುದಕ್ಕೆ ಗಟ್ಟಿ ಆಧಾರವಿರುವ ಕಾರಣವೆಂದರೆ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು. ಹನ್ನೆರಡು ವಾರಗಳ ಅಂತರದಲ್ಲಿ ಎರಡು ಸಲ ಪಾಸಿಟಿವ್ ಬಂದರೆ ಮಾತ್ರ ಅದನ್ನು ರೋಗವೆನ್ನುತ್ತಾರೆ. ಆಸ್ಪಿರಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅದಕ್ಕೆ ಫಲ ಕೊಡುತ್ತವೆ.

ಮೂರನೆಯ ಸಲ

ಅಂಕಿಯನ್ನು ಒಪ್ಪುತ್ತೇನೆ. ಆದರೆ ಆ ಹೊತ್ತಿನಲ್ಲಿ "ಏನೂ ಮಾಡುವುದು ಬೇಡ, ಕಾಯಿರಿ" ಎಂದವರ ಬಳಿ ಕುಳಿತಿರಲು ನಮಗೆ ಧೈರ್ಯ ಇರಲಿಲ್ಲ.

ನೇರ ಮಾತು

ಇದಕ್ಕೆಲ್ಲ ಮೂಲ ಸೋದರಮಾವನ ಮಗನನ್ನೋ ಮಾವನನ್ನೋ ಮದುವೆಯಾಗುವ ನಮ್ಮ ಪದ್ಧತಿ. ನೆಗೆಟಿವ್ ರಕ್ತದ ತೊಂದರೆ ಬರುವುದೂ ಅದರಿಂದಲೇ.

ರಕ್ತನಿಧಿಯ ಕಿಟಕಿ

ಈ ವಿಷಯದಲ್ಲಿ ಮಾತ್ರ ತಲೆಕೆಳಗು. ನಮ್ಮಲ್ಲಿ ನೂರಕ್ಕೆ ಸುಮಾರು 5 ಜನ ನೆಗೆಟಿವ್. ನೆಗೆಟಿವ್ ಹೆಣ್ಣು ಸಂಬಂಧಿಕರಲ್ಲೇ ಮದುವೆಯಾದರೆ ಗಂಡನೂ ನೆಗೆಟಿವ್ ಆಗಿರುವ ಸಾಧ್ಯತೆ ಹೊರಗಿನವರಿಗಿಂತ ಹೆಚ್ಚು, ಆಗ ಈ ತೊಂದರೆಯೇ ಇಲ್ಲ. ರಕ್ತಸಂಬಂಧದ ಮದುವೆಯಿಂದ ಬರುವ ಬೇರೆ ಆನುವಂಶಿಕ ರೋಗಗಳ ಮಾತು ಬೇರೆ, ಅದನ್ನು ಇಲ್ಲಿಗೆ ಎಳೆಯಬೇಡಿ.

ಜೋಗದ ಗುಂಡಿ

ಹಾಗಾದರೆ ತಂಗಿಯವರ ಗಂಡನ ಬಗ್ಗೆ ಕೇಳಬೇಕಾದದ್ದು ಒಂದಿದೆ ತಾನೇ? ಅವರ ತಂದೆತಾಯಿಯರಲ್ಲಿ ಯಾರಾದರೂ ನೆಗೆಟಿವ್ ಇದ್ದರೆ?

ಅರ್ಧ ಡಾಕ್ಟರು

ಒಳ್ಳೆಯ ಪ್ರಶ್ನೆ. ಹಾಗಿದ್ದರೆ ಅವರಲ್ಲಿ ಒಂದು ಡಿ ವಂಶವಾಹಿ ಮಾತ್ರ ಇದೆಯೆಂದಾಯಿತು, ಮಗು ನೆಗೆಟಿವ್ ಆಗಿರುವ ಸಾಧ್ಯತೆ ಅರ್ಧಕ್ಕರ್ಧ. ನೆಗೆಟಿವ್ ಮಗುವಾದರೆ ಈ ಪ್ರತಿಕಾಯ ಅದನ್ನು ಮುಟ್ಟುವುದಿಲ್ಲ. ತಾಯಿಯ ರಕ್ತದಲ್ಲಿ ತೇಲುವ ಭ್ರೂಣದ ಡಿಎನ್‌ಎಯನ್ನು ಡೆನಿಸ್ ಲೋ 1997ರಲ್ಲಿ ಕಂಡುಹಿಡಿದ ಮೇಲೆ, ಸೂಜಿಯನ್ನು ಗರ್ಭಕ್ಕೆ ಚುಚ್ಚದೆಯೇ ಇದನ್ನು ತಿಳಿಯಲು ಸಾಧ್ಯವಾಗಿದೆ, ಸಿಗುವ ಊರು ಕೇಳಿಕೊಳ್ಳಬೇಕು. ಮಗು ಪಾಸಿಟಿವ್ ಆಗಿ ಪ್ರಮಾಣ ಏರಿದರೆ, ಮಗುವಿನ ಮೆದುಳಿನ ರಕ್ತನಾಳದಲ್ಲಿ ರಕ್ತದ ವೇಗವನ್ನು ಡಾಪ್ಲರ್‌ನಲ್ಲಿ ಅಳೆಯುತ್ತಾರೆ. ರಕ್ತ ತೆಳುವಾದಷ್ಟೂ ವೇಗ ಹೆಚ್ಚು. ತೀರಾ ರಕ್ತಹೀನತೆಯಾದರೆ ಗರ್ಭದಲ್ಲಿರುವಾಗಲೇ ಹೊಕ್ಕುಳಬಳ್ಳಿಯ ಮೂಲಕ ಒ ನೆಗೆಟಿವ್ ರಕ್ತ ಕೊಡುವುದುಂಟು. ಹುಟ್ಟದ ಮಗುವಿಗೆ ರಕ್ತ ಕೊಡುವ ಕೆಲಸವನ್ನು ನ್ಯೂಜಿಲೆಂಡಿನ ವಿಲಿಯಂ ಲೈಲಿ 1963ರಲ್ಲೇ ಮೊದಲು ಮಾಡಿದ್ದರು.

ಟಿಡಿ ಲಸಿಕೆಯನ್ನು ಖಂಡಿತ ಹಾಕಿಸಿ. ರಕ್ತನಿಧಿಯವರು ಹೇಳಿದ ದೋಣಿಗೆ ಸರಕು ತುಂಬುವುದು ಅದೇ.

ತುಂಗಾತೀರ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಜೋಗದ ಗುಂಡಿಯವರ ಪ್ರಶ್ನೆಯನ್ನು ಹಿಡಿದುಕೊಂಡು ಬೀಗರ ಮನೆಗೆ ಹೋದೆ. ತಂಗಿಯ ಅತ್ತೆ ಟ್ರಂಕಿನಿಂದ ತಮ್ಮ ಹಳೆಯ ಹೆರಿಗೆಯ ಚೀಟಿಯನ್ನು ಹುಡುಕಿ ತಂದರು. ಅವರದು ಒ ನೆಗೆಟಿವ್! ಎರಡನೆಯ ಮಗು ಹುಟ್ಟಿದ ಎರಡೇ ದಿನಕ್ಕೆ ಅರಿಶಿನಗಟ್ಟಿ ಹೋದದ್ದನ್ನು ಅವರು ಇದುವರೆಗೆ ದೃಷ್ಟಿಯೆಂದೇ ನಂಬಿದ್ದರಂತೆ. ಚೀಟಿಯನ್ನು ಮಡಚಿಡುತ್ತಾ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ತಾವೇ ಸೊಸೆಯನ್ನು ಆಶಾ ಕಾರ್ಯಕರ್ತೆಯ ಜೊತೆ ಪಿಎಚ್‌ಸಿಗೆ ಕರೆದುಕೊಂಡು ಹೋಗಿ ಟಿಡಿ ಹಾಕಿಸಿದರು.

ಭ್ರೂಣದ ಡಿಎನ್‌ಎ ಪರೀಕ್ಷೆಗೆ ರಕ್ತ ಬೆಂಗಳೂರಿಗೆ ಹೋಗಿದೆ. ಕೂಂಬ್ಸ್ ಅದೇ ಪ್ರಯೋಗಾಲಯದಲ್ಲಿ ಮತ್ತೆ ಮಾಡಿಸಿದೆವು, ಈಗಲೂ 1:8.

ರಕ್ತನಿಧಿಯ ಕಿಟಕಿ

ಹಳೆಯ ಮಾದರಿಯನ್ನು ಎಸೆಯದೆ ಫ್ರೀಜರಿನಲ್ಲಿ ಇಡಲು ಅವರಿಗೆ ಹೇಳಿ, ಮುಂದಿನ ಸಲ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ತಾಯಿ ಕಾರ್ಡಿನ ಮೇಲೆ "ಆರ್‌ಎಚ್ ನೆಗೆಟಿವ್, ಕೂಂಬ್ಸ್ ಪಾಸಿಟಿವ್" ಎಂದು ಕೆಂಪು ಶಾಯಿಯಲ್ಲಿ ಬರೆಸಿದ್ದೀರಾ?

ತುಂಗಾತೀರ

ಅತ್ತೆಯವರೇ ನಿಂತು ಬರೆಸಿದ್ದಾರೆ, ಎರಡು ಕಡೆ.